ದಕ್ಕೆಗೂ ಮಂಜಿಗೂ ನಡುವಿನ ಸಂದು

"ಮಾಸ್ಟ್ರೇ, ಈ ನರಕೋಶಗಳು ಒಂದಕ್ಕೊಂದು ಮುಟ್ಟುದೇ ಇಲ್ಲ ಅಂತಾದ್ರೆ, ಅದಕ್ಕೆ 'ಒಟ್ಟಿಗೆ ಹಿಡ್ಕೊಳ್ಳುದು' ಅಂತ ಯಾವ ಮಂಗ ಹೆಸರಿಟ್ಟದ್ದು?"

ಕೇಳಿದವ ನೌಫಲ್. ಫಿಸಿಯೋಥೆರಪಿ ಓದ್ತಿದ್ದ. ಓದ್ತಿದ್ದ ಅಂದ್ರೆ ಫೀಸು ಕಟ್ಟಿದ್ದ. ನರಮಂಡಲದ ಪೇಪರಿನಲ್ಲಿ ಎರಡು ಸಲ ಡುಮ್ಕಿ ಹೊಡೆದಾಗಿತ್ತು. ಮೂರನೇ ಸಲಕ್ಕೆ ಐತಪ್ಪ ಮಾಸ್ಟ್ರ ಹತ್ತಿರ ಬಂದಿದ್ದ.

ಗುರು ಅಂದ ಕೂಡ್ಲೇ ಗಡ್ಡ, ಜಿಂಕೆ ಚರ್ಮ, ಕಮಂಡಲ ಎಲ್ಲ ನೆನಸ್ಕೊಳ್ಬೇಡಿ. ಮಾಸ್ಟ್ರಿಗೆ ಇದ್ದದ್ದು ಎರಡು ಬನಿಯನ್ನು, ಒಂದು ಸ್ಟವ್ವು, ಒಂದು ಪ್ಲಾಸ್ಟಿಕ್ ಮೆದುಳು. ಮೆದುಳೂ ಪೂರ್ತಿ ಇರಲಿಲ್ಲ, ಎಡಗಡೆಯದ್ದನ್ನು ಯಾವನೋ ಶಿಷ್ಯ ಎಗರಿಸಿದ್ದ. ಮೆಡಿಕಲ್ ಕಾಲೇಜೊಂದರಲ್ಲಿ ಅಟೆಂಡರ್ ಆಗಿ ಮೂವತ್ತು ವರ್ಷ ಬಾಟ್ಲಿಯೊಳಗಿನ ಮೆದುಳುಗಳ ಧೂಳು ಒರೆಸಿದವರು ಅವರು. ಒರೆಸ್ತಾ ಒರೆಸ್ತಾ ಪಾಠ ಕೇಳಿದ್ರು. ಬೆಂಚಿನ ಮೇಲೆ ಕೂತವರು ನಿದ್ದೆ ಮಾಡಿದ್ರು, ಬಾಗಿಲ ಹತ್ತಿರ ನಿಂತವರಿಗೆ ಪಾಠ ಹತ್ತಿತು. ರಿಟೈರ್ ಆದ ಮೇಲೆ ಫೇಲಾದ ಮಕ್ಕಳಿಗೆಲ್ಲ ಅವರೇ ದಿಕ್ಕು. ಅವರ ಹತ್ತಿರ ಕಲಿತು ಪಾಸಾದ ಡಾಕ್ಟರುಗಳು ಈಗಲೂ ರಸ್ತೆಯಲ್ಲಿ ಕಂಡ್ರೆ ಕಾರು ನಿಲ್ಲಿಸ್ತಾರೆ. ಪಾಸಾಗದವರ ಹತ್ತಿರ ನಿಲ್ಲಿಸ್ಲಿಕ್ಕೆ ಕಾರು ಇಲ್ಲ, ಅಷ್ಟೇ ವ್ಯತ್ಯಾಸ.

ಮಾಸ್ಟ್ರಿಗೆ ಒಂದು ಮರುಳು ಇತ್ತು. ಯಾರ ಕೈಗೆ ಏನು ಕೊಡುವುದಿದ್ರೂ, ಪೆನ್ನಿರಲಿ, ಪುಸ್ತಕ ಇರಲಿ, ಆ ಅರ್ಧ ಮೆದುಳೇ ಇರಲಿ, ಮೊದಲು "ಬಂತೋ" ಅಂತಿದ್ರು. ತಗೊಳ್ಳುವವನು "ಬರ್ಲಿ" ಅನ್ನಬೇಕು. ಅನ್ನದಿದ್ರೆ ವಸ್ತು ಕೈಬಿಡುದಿಲ್ಲ. ಒಬ್ಬ ಹೊಸಬ ಗೊತ್ತಿಲ್ಲದೆ ಹತ್ತು ನಿಮಿಷ ಒಂದು ಚಾಕ್‌ಪೀಸಿನ ಆ ತುದಿ ಹಿಡ್ಕೊಂಡು ನಿಂತಿದ್ದನಂತೆ, ಈ ತುದಿ ಮಾಸ್ಟ್ರು. ಶಿಷ್ಯರೆಲ್ಲ ಕ್ಯಾಂಟೀನಿನಲ್ಲಿ ಇದನ್ನೇ ಮಾಡಿ ನಗ್ತಿದ್ರು. ಸಮೋಸ ಕೊಡುವಾಗ ಬಂತೋ, ತಿನ್ನುವಾಗ ಬರ್ಲಿ. ಆ ನಗುವಿಗೆ ಲೀಡರು ಇದೇ ನೌಫಲ್.

ನೌಫಲನ ಪ್ರಶ್ನೆ ಕೇಳಿ ಮಾಸ್ಟ್ರು ಸ್ಟವ್ವಿಗೆ ಚಾದ ಪಾತ್ರೆ ಇಟ್ರು.

"ಹೆಸರಿಟ್ಟವರು ಮಂಗ ಅಲ್ಲ ಮಾರಾಯ," ಅಂದ್ರು. "ನೂರು ವರ್ಷಕ್ಕಿಂತ ಹಿಂದಿನ ಮಾತು. ಇಂಗ್ಲೆಂಡಿನಲ್ಲಿ ಒಬ್ಬ ಶರೀರಶಾಸ್ತ್ರದವ ನರದ ಬಗ್ಗೆ ಪಾಠ ಬರೀತಿದ್ದ. ಒಂದು ನರಕೋಶ ಮುಗಿದು ಇನ್ನೊಂದು ಶುರುವಾಗುವ ಜಾಗ ಉಂಟಲ್ಲ, ಅದಕ್ಕೆ ಹೆಸರಿರ್ಲಿಲ್ಲ. ಗ್ರೀಕ್ ಬಲ್ಲವರೊಬ್ಬರ ಹತ್ತಿರ ಕೇಳಿದ. ಅವರು ಎರಡು ಶಬ್ದ ಜೋಡಿಸಿ ಕೊಟ್ರು. ಸಿನ್ ಅಂದ್ರೆ ಒಟ್ಟಿಗೆ. ಹಾಪ್ಟೈನ್ ಅಂದ್ರೆ ಹಿಡಿಯುದು. ಸಿನಾಪ್ಸ್ ಆಯ್ತು."

"ಆಮೇಲೆ?"

"ಆಮೇಲೆ ಐವತ್ತು ಚಿಲ್ಲರೆ ವರ್ಷ ಕಳೆದು ದೊಡ್ಡ ಸೂಕ್ಷ್ಮದರ್ಶಕ ಬಂತು. ನೋಡಿದ್ರೆ ಹೌದು, ನಡುವೆ ಸಂದು. ಕೂದಲನ್ನು ಸಾವಿರಾರು ಪಾಲು ಮಾಡಿದ್ರೆ ಒಂದು ಪಾಲಿನಷ್ಟು. ಆದ್ರೂ ಸಂದು ಸಂದೇ. ಈಚೆಯ ಕೋಶ ಸಂದೇಶ ತಗೊಂಡು ಓಡಿ ಬರ್ತದೆ, ದಡದಲ್ಲಿ ನಿಲ್ತದೆ, ಒಂದಿಷ್ಟು ರಸ ಸಂದಿಗೆ ಬಿಡ್ತದೆ. ಆಚೆಯ ಕೋಶಕ್ಕೆ ಅದನ್ನು ಹಿಡೀಲಿಕ್ಕೆ ಕೈಯ ಹಾಗಿನದ್ದು ಇರ್ತದೆ. ಹಿಡಿದ್ರೆ ಸಂದೇಶ ಮುಂದೆ ಹೋಯ್ತು. ಇಲ್ಲದಿದ್ರೆ ಅಲ್ಲಿಗೇ ಮುಗೀತು."

"ಹಾಗಾದ್ರೆ ಹೆಸರು ತಪ್ಪೇ ಅಲ್ವಾ ಮಾಸ್ಟ್ರೇ. ಬದಲಾಯಿಸ್ಬಹುದಿತ್ತು. ಊರಿನ ಹೆಸರೇ ಬದಲಾಯಿಸ್ತಾರೆ, ಇದು ಎಂತ ಮಹಾ."

"ಒಂದು ಕತೆ ಹೇಳ್ತೇನೆ. ಚಾ ಕುದಿಯುವಷ್ಟು ಹೊತ್ತಿನದ್ದು."

"ಪರೀಕ್ಷೆಗೆ ಬರ್ತದಾ?"

"ಬರ್ತದೆ. ಯಾವ ಪರೀಕ್ಷೆಗೆ ಅಂತ ಹೇಳ್ಲಿಕ್ಕಾಗುದಿಲ್ಲ."

ಮಾಸ್ಟ್ರು ಸ್ಟವ್ವಿನ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ಹೇಳಿದ್ರು.

ಒಬ್ಬ ಎಸೆಯುವವ ಇದ್ದ. ಒಬ್ಬ ಹಿಡಿಯುವವ ಇದ್ದ.

ಇಬ್ಬರದ್ದೂ ದಕ್ಕೆಯಲ್ಲಿ ಕೆಲಸ. ದಕ್ಕೆ ಅಂದ್ರೆ ದೋಣಿ ಬಂದು ನಿಲ್ಲುವ ಕಟ್ಟೆ. ಆಗ ಹಂಚು ಮಂಜಿಯಲ್ಲಿ ಹೋಗ್ತಿತ್ತು. ಮಂಜಿ ಅಂದ್ರೆ ಹಾಯಿ ಕಟ್ಟಿದ ದೊಡ್ಡ ಸರಕಿನ ದೋಣಿ. ಅದು ಕಟ್ಟೆಗೆ ಅಂಟಿಕೊಂಡು ನಿಲ್ಲುದಿಲ್ಲ. ಅಲೆಗೆ ಬಡೀತದೆ. ಹಾಗಾಗಿ ಒಂದು ಮಾರು ದೂರದಲ್ಲಿ ಹಗ್ಗ ಕಟ್ಟಿ ನಿಲ್ಲಿಸ್ತಿದ್ರು. ನಡುವೆ ನೀರು.

ಹಲಗೆ ಹಾಕಿ ಹೊತ್ತುಕೊಂಡು ಹೋಗ್ಬಹುದು. ಆದ್ರೆ ಮಂಜಿ ಏಳುವಾಗ ಹಲಗೆ ಏಳ್ತದೆ, ಇಳಿಯುವಾಗ ಇಳೀತದೆ. ಕಾಲು ಜಾರಿದ್ರೆ ಹಂಚೂ ಹೋಯ್ತು, ಹೊತ್ತವನೂ ಹೋದ. ಅದಕ್ಕೆ ಎಸೆಯುದು. ಎಸೆಯುವವ ದಕ್ಕೆಯ ಅಂಚಿನಲ್ಲಿ. ಹಿಡಿಯುವವ ಮಂಜಿಯ ಅಂಚಿನಲ್ಲಿ. ಒಂದೊಂದೇ ಹಂಚು. ಬೆಳಿಗ್ಗೆ ಶುರು ಮಾಡಿದ್ರೆ ಬಿಸಿಲು ಇಳಿಯುವವರೆಗೆ.

ಅಲ್ಲಿ ಒಂದು ಕ್ರಮ ಇತ್ತು. ಎಸೆಯುವವ "ಬಂತೋ" ಅನ್ನಬೇಕು. ಹಿಡಿಯುವವನ ಕಾಲ ಕೆಳಗೆ ಮಂಜಿ ಅಲ್ಲಾಡ್ತಾ ಇರ್ತದೆ. ಕಾಲು ಗಟ್ಟಿ ಊರಿದ ಮೇಲೆ ಅವನು "ಬರ್ಲಿ" ಅನ್ನಬೇಕು. ಅನ್ನುವುದಕ್ಕೂ ಹಂಚು ಕೈಬಿಡುವುದಕ್ಕೂ ಸರಿ ಹೋಗ್ಬೇಕು. "ಬರ್ಲಿ" ಬಾರದೆ ಹಂಚು ಬಿಟ್ಟವನ ಹತ್ತಿರ ಯಾರೂ ಬೀಡಿಗೆ ಬೆಂಕಿ ಕೇಳ್ತಿರ್ಲಿಲ್ಲ.

ಎಸೆಯುವವ ನೋಡುದು ಹಿಡಿಯುವವನ ಅಂಗೈಯನ್ನು. ಹಿಡಿಯುವವ ನೋಡುದು ಹಂಚನ್ನು. ಯಾರೂ ಯಾರ ಮುಖವನ್ನೂ ನೋಡ್ಲಿಕ್ಕಿಲ್ಲ. ನೋಡಿದ್ರೆ ಹಂಚು ನೀರಿಗೆ.

ಈ ಇಬ್ಬರು ಹನ್ನೊಂದು ವರ್ಷ ಹೀಗೆ ನಿಂತರು. ಬೇರೆ ಜೋಡಿಗಳು ಬದಲಾದವು, ಇವರದ್ದು ಬದಲಾಗ್ಲಿಲ್ಲ. ಒಂದೇ ಹೋಟೆಲಿನಲ್ಲಿ ಚಾ, ಒಂದೇ ಬೀಡಿ ಇಬ್ಬರಿಗೆ. ಕೆಲಸದಲ್ಲಿ ಮಾತ್ರ ಒಂದು ದಿನವೂ ಕೈಗೆ ಕೈ ತಾಗಿರ್ಲಿಲ್ಲ. ಬಂತೋ, ಬರ್ಲಿ. ಬಂತೋ, ಬರ್ಲಿ. ದಕ್ಕೆಯ ಹೆಂಗಸರು ಅದೇ ತಾಳಕ್ಕೆ ಮೀನು ಬುಟ್ಟಿಗೆ ಹಾಕ್ತಿದ್ರು.

ಹತ್ತನೇ ವರ್ಷ ಹಿಡಿಯುವವನ ಕಣ್ಣು ಮಂಜಾಗ್ಲಿಕ್ಕೆ ಶುರುವಾಯ್ತು. ಮೊದಲು ದೂರದ್ದು ಹೋಯ್ತು. ಆಮೇಲೆ ಹತ್ತಿರದ್ದು. ಬಿಸಿಲಿನಿಂದ ನೆರಳಿಗೆ ಬಂದ್ರೆ ಸ್ವಲ್ಪ ಹೊತ್ತು ಏನೂ ಇಲ್ಲ, ಬರೀ ಬಿಳಿ. ಅವನು ಯಾರಿಗೂ ಹೇಳ್ಲಿಲ್ಲ. ಕಣ್ಣು ಕಾಣದವನನ್ನು ಮಂಜಿಯ ಅಂಚಿನಲ್ಲಿ ಯಾರು ನಿಲ್ಲಿಸ್ತಾರೆ? ಮಂಜಿಯ ಅಂಚು ಬಿಟ್ಟರೆ ನಿಲ್ಲಲಿಕ್ಕೆ ಅವನಿಗೆ ಬೇರೆ ಜಾಗ ಇರ್ಲಿಲ್ಲ.

ಆದ್ರೆ ಒಂದು ಹಂಚೂ ಬೀಳ್ಲಿಲ್ಲ. "ಬಂತೋ" ಎಲ್ಲಿಂದ ಬಂತು, ಎಷ್ಟು ಗಟ್ಟಿ ಬಂತು, ಉಸಿರು ತುಂಬಿತ್ತಾ ಅರ್ಧ ಇತ್ತಾ, ಅದರಲ್ಲೇ ಅವನ ಕೈಗೆ ಗೊತ್ತಾಗ್ತಿತ್ತು ಹಂಚು ಎಲ್ಲಿಗೆ ಬರ್ತದೆ ಅಂತ. ಒಂದು ವರ್ಷ ಅವನು ಹಂಚು ಹಿಡಿದದ್ದು ಕಿವಿಯಿಂದ.

ಎಸೆಯುವವನಿಗೆ ಇದು ಗೊತ್ತಿಲ್ಲ. ಅವನಿಗೆ ಗೊತ್ತಿದ್ದದ್ದು ತನ್ನ ಕೈಚಳಕ ಒಂದೇ. ಹೋಟೆಲಿನಲ್ಲಿ ಕೂತು ಹೇಳ್ತಿದ್ದ, "ನಾನು ಎಸೆದ ಹಂಚನ್ನು ಕುರುಡನೂ ಹಿಡೀತಾನೆ." ಎಲ್ಲರೂ ನಗ್ತಿದ್ರು. ಎಲ್ಲರಿಗಿಂತ ಜೋರಾಗಿ ಹಿಡಿಯುವವ ನಗ್ತಿದ್ದ.

ಆ ವರ್ಷ ಎಸೆಯುವವನ ತಂಗಿಗೆ ಮದುವೆ. ಹುಡುಗನ ಕಡೆಯವರು ಸ್ವಲ್ಪ ದೊಡ್ಡ ಜನ. ಅಂಗಡಿ, ಜೀಪು ಎಲ್ಲ ಇದ್ದವರು. ಎಸೆಯುವವ ಹೊಸ ಅಂಗಿ ಹಾಕಿ ಮದುವೆಯ ಹಾಲ್‌ನ ಬಾಗಿಲಲ್ಲಿ ನಿಂತ. ಬಂದವರ ಕೈ ಹಿಡಿದು ಒಳಗೆ ಕಳಿಸುದು ಅವನ ಕೆಲಸ. ಪಕ್ಕದಲ್ಲಿ ಹುಡುಗನ ಮಾವ. ಅವರಿಗೆ ಮೊದಲೇ ಹೇಳಿಟ್ಟಿದ್ದ, "ನನ್ನ ದೋಸ್ತಿ ಒಬ್ಬ ಬರ್ತಾನೆ. ನನಗೆ ಜೀವ ಅವನು."

ಹಿಡಿಯುವವ ಬಂದ. ನಡು ಮಧ್ಯಾಹ್ನ, ನೆತ್ತಿಯ ಮೇಲೆ ಬಿಸಿಲು. ಬಿಸಿಲಿನಿಂದ ಹಾಲ್‌ನ ನೆರಳಿಗೆ ಕಾಲಿಟ್ಟ. ಎಸೆಯುವವ ಕೈ ಮುಂದೆ ಮಾಡಿದ. ಹಿಡಿಯುವವ ಆ ಕೈಯ ಪಕ್ಕದಿಂದಲೇ ದಾಟಿ ಒಳಗೆ ಹೋದ. ಹೋಗಿ ಕುರ್ಚಿ ಮುಟ್ಟಿ ನೋಡಿ ಕೂತ.

ಕೈ ಗಾಳಿಯಲ್ಲೇ ಉಳೀತು.

ಹುಡುಗನ ಮಾವ ಕೇಳಿದ್ರು, "ಇವನಾ ನಿಮ್ಮ ಜೀವ?"

ಹಿಂದೆ ಯಾರೋ ನಕ್ಕರು. ಎಸೆಯುವವ ಕೈಯನ್ನು ತೆಗೆದು ಜೇಬಿಗೆ ಹಾಕ್ಕೊಂಡ.

ಅಲ್ಲಿ ಒಂದು ಸಲ "ಬಂತೋ" ಅಂದಿದ್ರೆ ಸಾಕಿತ್ತು. ಹಿಡಿಯುವವನ ಎರಡು ಕೈಯೂ ತಿರುಗಿ ಬರ್ತಿತ್ತು. ಅನ್ಲಿಲ್ಲ. ಮದುವೆಯ ಹಾಲ್, ಜೀಪಿನ ಜನ, ಹೊಸ ಅಂಗಿ. ಇಲ್ಲಿ ಯಾಕೆ ದಕ್ಕೆಯ ಕೂಗು ಅಂತ.

ಎರಡು ದಿನ ಕಳೆದು ಕೆಲಸಕ್ಕೆ ನಿಂತರು. ಎಸೆಯುವವ ಹಂಚು ಎತ್ತಿದ. ಬಾಯಿ ಬಿಡ್ಲಿಲ್ಲ.

ಆಚೆಯಿಂದ ಹಿಡಿಯುವವ ಕೇಳಿದ, "ಎಂತ ಮಾರಾಯ, ಬಾಯಲ್ಲಿ ಮದುವೆಯ ಲಾಡು ಇನ್ನೂ ಉಂಟಾ?"

ದಕ್ಕೆಯ ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ಎಸೆಯುವವ ಮಾತಾಡ್ಲಿಲ್ಲ. ಹಿಡಿಯುವವ ಸ್ವಲ್ಪ ಕಾದ. ಆಮೇಲೆ ತಾನೇ "ಬರ್ಲಿ" ಅಂದ. ಅಂದ ಮೇಲೆ ಎಸೆಯುವವ ತನಗೆ ಬೇಕಾದಾಗ ಹಂಚು ಬಿಟ್ಟ. ಕ್ರಮ ಮುರಿದ ಹಾಗೆ ಆಗ್ಲಿಲ್ಲ. "ಬರ್ಲಿ" ಬಂದ ಮೇಲೆಯೇ ಬಿಟ್ಟದ್ದು. ಯಾರೂ ಅವನನ್ನು ಕೇಳುವ ಹಾಗಿರ್ಲಿಲ್ಲ.

ಇಲ್ಲಿ ನೌಫಲ್ ಬಾಯಿ ಹಾಕಿದ. "ಹೇಳ್ಬಹುದಿತ್ತಲ್ಲ ಮಾಸ್ಟ್ರೇ. ಕಣ್ಣು ಕಾಣುದಿಲ್ಲ ಮಾರಾಯ, ಬಾಯಿ ಬಿಡು ಅಂತ."

"ಯಾರಿಗೆ? ಮಾತಾಡದವನಿಗಾ?" ಅಂದ್ರು ಮಾಸ್ಟ್ರು. ಚಾದ ಪಾತ್ರೆಯನ್ನು ಒಮ್ಮೆ ನೋಡಿ ಮುಂದುವರಿಸಿದ್ರು.

ಹಿಡಿಯುವವ ಹೊಸದಾಗಿ ಕಲ್ತ. ಹಂಚು ಕೈಬಿಡುವಾಗ ಎಸೆಯುವವನ ಬಲಗಾಲು ದಕ್ಕೆಯ ಜಲ್ಲಿಯ ಮೇಲೆ ಒಂದು ಗೆರೆಯಷ್ಟು ಜಾರ್ತದೆ. ಸರ್ ಅಂತ ಸದ್ದು. ಹನ್ನೊಂದು ವರ್ಷ ಆ ಸದ್ದು ಕೂಗಿನ ಅಡಿಯಲ್ಲಿ ಹೂತು ಹೋಗಿತ್ತು. ಈಗ ಅದೊಂದೇ ಉಳಿದದ್ದು. ಅದನ್ನೇ ಹಿಡ್ಕೊಂಡು ಹಂಚು ಹಿಡಿದ. ಕೆಲವು ಅಂಗೈಗೆ ಬಂದವು. ಕೆಲವು ಮೊಣಕೈಗೆ, ಕೆಲವು ಎದೆಗೆ. ಎದೆಗೆ ಬಂದದ್ದನ್ನೂ ಅಪ್ಪಿ ಹಿಡಿದ, ಬೀಳ್ಲಿಕ್ಕೆ ಬಿಡ್ಲಿಲ್ಲ.

ಎಸೆಯುವವ ಅಂಗೈ ನೋಡ್ತಾನಲ್ಲ. ಅಂಗೈ ಒಡೆದದ್ದು ಕಂಡಿತು. ಮೂರನೇ ದಿನ ಬಟ್ಟೆ ಸುತ್ತಿದ್ದು ಕಂಡಿತು. ಆಗ್ಲಿ, ಬುದ್ಧಿ ಬರ್ಲಿ ಅಂದ್ಕೊಂಡ. ಒಳಗೆ ಸ್ವಲ್ಪ ಖುಷಿಯೂ ಆಯ್ತು. ಅದನ್ನು ಮುಚ್ಚಿಡುದು ಬೇಡ. ಆಯ್ತು.

ಆರನೇ ದಿನ ಪಕ್ಕದಲ್ಲಿ ಒಂದು ಇಂಜಿನ್ ಬೋಟು ಬಂದು ನಿಂತಿತು. ಇಂಜಿನ್ ಬಂದ್ ಮಾಡ್ಲಿಲ್ಲ. ಡಬ ಡಬ ಅಂತ ಬಡಿದುಕೊಳ್ತಾ ಇತ್ತು.

ಹಿಡಿಯುವವ "ಬರ್ಲಿ" ಅಂದ. ಕಿವಿ ಮುಂದೆ ಮಾಡಿದ. ಜಲ್ಲಿಯ ಸದ್ದು ಇಲ್ಲ. ಕೈ ಚಾಚಿಯೇ ನಿಂತ.

ಹಂಚು ಕೈಯ ಮೇಲಿನಿಂದ ಹೋಯ್ತು. ಹುಬ್ಬಿಗೆ ಬಿತ್ತು.

ಅವನು ಕೂಗ್ಲಿಲ್ಲ. ಮುಖದ ಮೇಲೆ ರಕ್ತ ಇಳೀತಿತ್ತು. ಒಂದು ಸಲ ತೋಳಿನಿಂದ ಒರೆಸ್ಕೊಂಡು ಮತ್ತೆ ಎರಡು ಕೈ ಮುಂದೆ ಮಾಡಿದ. "ಬರ್ಲಿ," ಅಂದ. "ಎಂತ ಆಗ್ಲಿಲ್ಲ. ಬರ್ಲಿ, ಬರ್ಲಿ."

ಆ ಕೈ ಎಸೆಯುವವನ ಕಡೆ ಇರ್ಲಿಲ್ಲ. ನಾಲ್ಕು ಹೆಜ್ಜೆ ಎಡಕ್ಕೆ, ಯಾರೂ ಇಲ್ಲದ ಜಾಗಕ್ಕೆ ಇತ್ತು.

ಹನ್ನೊಂದು ವರ್ಷದಲ್ಲಿ ಮೊದಲ ಸಲ ಕೆಲಸದ ನಡುವೆ ಎಸೆಯುವವ ಅಂಗೈ ಬಿಟ್ಟು ಮುಖ ನೋಡಿದ. ಆ ಕಣ್ಣು ಎಲ್ಲಿ ನೋಡ್ತಾ ಉಂಟು ಅಂತ ನೋಡಿದ. ಎಲ್ಲಿಗೂ ನೋಡ್ತಾ ಇರ್ಲಿಲ್ಲ.

ಮದುವೆಯ ಹಾಲ್‌ನ ಬಾಗಿಲು ನೆನಪಾಯ್ತು. ತನ್ನ ಕೈ ನೆನಪಾಯ್ತು. ಕುರ್ಚಿಯನ್ನು ಮುಟ್ಟಿ ನೋಡಿ ಕೂತದ್ದು ನೆನಪಾಯ್ತು. ಎಲ್ಲ ಒಂದೇ ಸಲಕ್ಕೆ ಗೊತ್ತಾಯ್ತು.

ಗೊತ್ತಾದ ಕೂಡ್ಲೇ ಕೂಗ್ಬೇಕಿತ್ತು. "ಬಂತೋ" ಗಂಟಲಿಗೆ ಬಂದಿತ್ತು ಸಹ. ಆರು ದಿನ ಬೀಗ ಹಾಕಿದ ಬಾಯಿ, ಸಾಲಿನವರೆಲ್ಲ ನೋಡ್ತಿದ್ದಾರೆ. ಈಗ ಬಾಯಿ ತೆರೆದ್ರೆ ಆರು ದಿನ ಯಾಕೆ ಮುಚ್ಚಿದ್ದು ಅಂತ ಹೇಳ್ಬೇಕಾಗ್ತದೆ. ಅವನು ಹಂಚು ಕೆಳಗಿಟ್ಟ.

ಕೆಲಸ ನೋಡ್ಕೊಳ್ಳುವ ಮೇಸ್ತ್ರಿ ಮಂಜಿಗೆ ಹತ್ತಿದ. ಹಿಡಿಯುವವನ ಮುಖದ ಎದುರು ಮೂರು ಬೆರಳು ಹಿಡಿದು ಎಷ್ಟು ಅಂತ ಕೇಳಿದ.

"ನನಗೆ ಎಣಿಸ್ಲಿಕ್ಕೆ ಕಲಿಸ್ತೀಯಾ ನೀನು?" ಅಂತ ಹಿಡಿಯುವವ ನಕ್ಕ.

"ಎಷ್ಟು, ಹೇಳು."

ಅವನು ನಗ್ತಾನೇ ಇದ್ದ. ಎಷ್ಟು ಅಂತ ಹೇಳ್ಲಿಲ್ಲ.

ಮೇಸ್ತ್ರಿ ಕೆಟ್ಟವನಲ್ಲ. ಮನೆಗೆ ಹೋಗು ಅಂದ. ಇನ್ನು ಬರುದು ಬೇಡ ಅಂದ. ಮಂಜಿಯಿಂದ ದಕ್ಕೆಗೆ ದಾಟ್ಲಿಕ್ಕೆ ಹಿಡಿಯುವವನಿಗೆ ಒಂದು ಕೈ ಬೇಕಿತ್ತು. ಬೇರೆ ಯಾರೋ ಕೊಟ್ಟರು.

ನಾಳೆ ಹೋಗಿ ಮಾತಾಡ್ತೇನೆ ಅಂತ ಎಸೆಯುವವ ಅಂದ್ಕೊಂಡ.

ಆ ನಾಳೆ ಬರ್ಲಿಕ್ಕೆ ನಾಲ್ಕು ತಿಂಗಳು ಬೇಕಾಯ್ತು. ದಿನಾ ಒಂದು ಕಾರಣ. ಕಾರಣಕ್ಕೆ ಬರಗಾಲ ಇಲ್ಲವಲ್ಲ. ಹೊಸ ಹಿಡಿಯುವವ ಬಂದ, ಗಟ್ಟಿ ಹುಡುಗ, ಹದ್ದಿನ ಕಣ್ಣು. ಎರಡು ಕಣ್ಣು ಸರಿ ಇದ್ದೂ ದಿನಕ್ಕೆ ನಾಲ್ಕೈದು ಹಂಚು ನೀರಿಗೆ ಬಿಡ್ತಿದ್ದ. ಎಸೆಯುವವ ಹೋಟೆಲಿನಲ್ಲಿ ಬಾಯಿ ಬಿಡುದನ್ನು ನಿಲ್ಲಿಸಿದ.

ನಾಲ್ಕು ತಿಂಗಳ ಮೇಲೆ ಒಂದು ಭಾನುವಾರ ಹೊಳೆ ದಾಟಿ ಹೋದ. ಆಚೆ ದಡದಲ್ಲಿ ಮರಳಿನ ಮೇಲೆ ಮನೆ. ಹಿಡಿಯುವವ ಜಗಲಿಯಲ್ಲಿ ಕೂತು ಹರಿದ ಬಲೆಗೆ ಬೆರಳಿನಿಂದಲೇ ಗಂಟು ಹಾಕ್ತಿದ್ದ. ಹುಬ್ಬಿನ ಮೇಲೆ ಕಲೆ ಹಾಗೇ ಇತ್ತು. ಮನೆಯಲ್ಲಿ ಬೇರೆ ಯಾರೂ ಇರ್ಲಿಲ್ಲ.

ಎಸೆಯುವವ ಅಂಗಳದಲ್ಲಿ ನಿಂತ. ಎಲ್ಲಿಂದ ಶುರು ಮಾಡುದು ಅಂತ ಯೋಚನೆ ಮಾಡಿದ. ತಪ್ಪಾಯ್ತು ಅನ್ನುದಾ? ಮೊದಲು ಮದುವೆಯ ವಿಷಯ ಹೇಳುದಾ? ಕಣ್ಣಿಗೆ ಮದ್ದು ಮಾಡಿಸಿದೆಯಾ ಅಂತ ಕೇಳುದಾ? ಯೋಚನೆಯಲ್ಲಿ ಬಲಗಾಲು ಮರಳಿನ ಮೇಲೆ ಒಂದು ಗೆರೆ ಜಾರಿತು.

ಸರ್ ಅಂತ.

ಹಿಡಿಯುವವನ ಬೆರಳು ನಿಂತಿತು. ಬಲೆಯನ್ನು ಪಕ್ಕಕ್ಕೆ ಇಟ್ಟ. ಎದ್ದು ನಿಂತ. ಕಾಲು ಅಗಲ ಮಾಡಿ ಊರಿದ. ಎರಡು ಅಂಗೈ ಜೋಡಿಸಿ ಮುಂದೆ ಚಾಚಿದ. ಈ ಸಲ ಸರಿಯಾಗಿ ಎಸೆಯುವವನ ಕಡೆಗೇ ಇತ್ತು. ಒಂದು ಬೆರಳಿನಷ್ಟೂ ಆಚೆ ಈಚೆ ಇರ್ಲಿಲ್ಲ.

ಯಾರು ಅಂತಲೂ ಕೇಳ್ಲಿಲ್ಲ. ಕೈ ಚಾಚಿ ಕಾದ.

ಎಸೆಯುವವನ ಕೈಯಲ್ಲಿ ಹಂಚಿಲ್ಲ. ಹಂಚು ಬೇಕಾಗಿಯೂ ಇರ್ಲಿಲ್ಲ. ಒಂದು ಶಬ್ದ ಸಾಕಿತ್ತು. ಹನ್ನೊಂದು ವರ್ಷ ದಿನಕ್ಕೆ ಸಾವಿರ ಸಲ ಹೇಳಿದ ಶಬ್ದ. ಬಾಯಿಯ ಬಾಗಿಲವರೆಗೆ ಬಂತು. ಅಲ್ಲೇ ನಿಂತಿತು.

ಅವನು ಬಗ್ಗಿ ಚಪ್ಪಲಿ ಕಳಚಿದ. ಕೈಯಲ್ಲಿ ಹಿಡ್ಕೊಂಡ. ಸದ್ದಾಗದ ಹಾಗೆ ಹಿಂದೆ ಹಿಂದೆ ಹೆಜ್ಜೆ ಇಟ್ಟು ಹೊರಟು ಹೋದ.

ಮಳೆಗಾಲ ಮುಗಿದ ಮೇಲೆ ಮತ್ತೆ ಹೋದ. ಈ ಸಲ ಏನು ಹೇಳುದು ಅಂತ ದೋಣಿಯಲ್ಲೇ ಬಾಯಿಪಾಠ ಮಾಡಿದ್ದ. ಮನೆಗೆ ಬೀಗ. ಪಕ್ಕದ ಮನೆಯ ಹೆಂಗಸು ಒಣಮೀನು ಹರಡ್ತಿದ್ದಳು. ತಲೆ ಎತ್ತದೆ ಹೇಳಿದಳು, "ಜ್ವರ ಬಂದು ತೀರಿಹೋದ. ಎರಡು ತಿಂಗಳಾಯ್ತು." ಆಮೇಲೆ ತಲೆ ಎತ್ತಿ ನೋಡಿದ್ಳು. "ದಕ್ಕೆಯವರಾ ನೀವು? ಒಬ್ಬ ಬರ್ಲಿಕ್ಕುಂಟು ಅಂತ ಹೇಳ್ತಾ ಇದ್ದ."

ಎಸೆಯುವವ ಬೀಗ ಹಾಕಿದ ಮನೆಯ ಅಂಗಳದಲ್ಲಿ ನಿಂತ. ಬಾಯಿಪಾಠ ಮಾಡಿದ್ದೆಲ್ಲ ಮರೆತು ಹೋಯ್ತು. ಗಂಟಲು ಬಿಚ್ಚಿ "ಬಂತೋ" ಅಂತ ಕೂಗಿದ. ಹೊಳೆಯ ಈಚೆ ದಡಕ್ಕೂ ಕೇಳುವ ಹಾಗೆ ಕೂಗಿದ. ಒಣಮೀನಿನ ಕಾಗೆಗಳು ಎದ್ದು ಹಾರಿದವು. ಅಷ್ಟೇ ಆದದ್ದು.

ಮತ್ತೆ ಅವನು ದಕ್ಕೆಗೆ ಹೋಗ್ಲಿಲ್ಲ. ಊರಿನ ಒಳಗೆ ಬೇರೆ ಕೆಲಸ ಹಿಡಿದ. ನೀರು ಕಾಣದ ಕಡೆ.

ಮಾಸ್ಟ್ರು ಇಲ್ಲಿಗೆ ನಿಲ್ಲಿಸಿದ್ರು.

ಚಾ ಉಕ್ಕಿ ಸ್ಟವ್ವಿನ ಮೇಲೆ ಹರಿದಿತ್ತು. ಯಾರೂ ನೋಡಿರ್ಲಿಲ್ಲ. ಮಾಸ್ಟ್ರು ಎದ್ದು ಬೆಂಕಿ ಆರಿಸಿದ್ರು, ಬಟ್ಟೆಯಿಂದ ಒರೆಸಿದ್ರು, ಉಳಿದದ್ದನ್ನು ಸೋಸಿದ್ರು. ಅರ್ಧ ಗ್ಲಾಸು ಆಯ್ತು.

ಹೆಸರು ತಪ್ಪಾ ಸರಿಯಾ ಅಂತ ಕೇಳುದು ನೌಫಲನಿಗೆ ಮರೆತು ಹೋಗಿತ್ತು. ಆ ಅರ್ಧ ಮೆದುಳನ್ನೇ ನೋಡ್ತಾ ಕೇಳಿದ.

"ಮಾಸ್ಟ್ರೇ, ಆ ದಿನ ಜಗಲಿಯಲ್ಲಿ ಅವನು ಎಷ್ಟು ಹೊತ್ತು ಕೈ ಚಾಚ್ಕೊಂಡೇ ನಿಂತಿದ್ದ?"

ಮಾಸ್ಟ್ರು ಚಾದ ಗ್ಲಾಸನ್ನು ಎರಡು ಕೈಯಲ್ಲಿ ಎತ್ತಿದ್ರು. ಒಂದು ಹೆಜ್ಜೆ ಮುಂದೆ ಬಂದ್ರು. ಬಲಗಾಲು ಸಿಮೆಂಟಿನ ನೆಲದ ಮೇಲೆ ಒಂದು ಗೆರೆ ಜಾರಿತು.

"ಬಂತೋ."

ಕ್ಯಾಂಟೀನಿನಲ್ಲಿ ನೂರು ಸಲ ಹೇಳಿ ನಗಿಸಿದ "ಬರ್ಲಿ" ನೌಫಲನ ಬಾಯಿಗೆ ಬರ್ಲಿಲ್ಲ.